ನಮ್ಮ ಹರಟೆ ಕಾರ್ಟೂನ್ ಆಗಿದ್ದು ಹೇಗೆ

ನಮ್ಮ ಪಾಡ್‌ಕಾಸ್ಟಿನಿಂದ ಮಾಡಿದ ಟಿವಿ ಕಾರ್ಟೂನಿನ ಕೊನೆಯ ಕಂತಿನ ಫೈಲನ್ನು ಚಾನೆಲ್‌ನವರು ಒಪ್ಪಿಕೊಂಡಿದ್ದಾರೆ ಅಂತ ಮೊನ್ನೆ ಮೇಲ್ ಬಂತು. ಓದಿದೆ, ಲ್ಯಾಪ್‌ಟಾಪ್ ಮುಚ್ಚಿದೆ, ಮಲಗಿಬಿಟ್ಟೆ. ಎದ್ದ ಮೇಲೆ ಅನ್ನಿಸಿದ್ದು, ಮರೆಯುವ ಮುಂಚೆ ಇದನ್ನೆಲ್ಲ ಬರೆದಿಡಬೇಕು ಅಂತ. ನಾವು ಶುರು ಮಾಡಿದಾಗ ಹೀಗೆ ಬರೆದಿಟ್ಟವರು ಸಿಗಲಿಲ್ಲ. ಅನಿಮೇಷನ್ ಬಗ್ಗೆ ಓದಲು ಬೇಕಾದಷ್ಟಿತ್ತು. ಪಾಡ್‌ಕಾಸ್ಟ್ ಬಗ್ಗೆಯೂ ಇತ್ತು. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕಾಲಿಗೆ ಏನೇನು ತೊಡರುತ್ತದೆ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ.

ನಮ್ಮದು ಇಬ್ಬರ ಪಾಡ್‌ಕಾಸ್ಟ್. ನಾನು, ನನ್ನ ಗೆಳೆಯ. ವಾರಕ್ಕೊಮ್ಮೆ ಕೂತು ಹರಟೆ ಹೊಡೆಯುತ್ತೇವೆ. ಆಗಾಗ ಒಬ್ಬ ಅತಿಥಿ ಬರುತ್ತಾರೆ. ಸ್ಕ್ರಿಪ್ಟ್ ಅಂತ ಏನೂ ಇಲ್ಲ. ಇದನ್ನು ಟಿವಿಗೆ ಕಾರ್ಟೂನ್ ಮಾಡುತ್ತಿದ್ದೇವೆ ಅಂದಾಗ ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: "ಧ್ವನಿ ರೆಡಿ ಇದೆಯಲ್ಲ, ಇನ್ನೇನು, ಚಿತ್ರ ಬರೆಸಿದರೆ ಆಯ್ತು." ನಿಮಗೂ ಹೇಳುತ್ತಾರೆ. ನಕ್ಕು ಸುಮ್ಮನಿರಿ. ಮೊದಲ ಚಿತ್ರ ಅಲುಗಾಡುವ ಹೊತ್ತಿಗೆ ನಮ್ಮ ಅರ್ಧಕ್ಕಿಂತ ಜಾಸ್ತಿ ಸಮಯ ಕಾಗದಪತ್ರಕ್ಕೂ ಆ 'ರೆಡಿ ಇದ್ದ' ಧ್ವನಿಗೂ ಹೋಗಿತ್ತು.

ನಿರ್ಮಾಪಕರ ಜೊತೆ ಮೊದಲ ಸಲ ಕೂತಾಗ ಅವರು ಕೇಳಿದ ಮೊದಲ ಪ್ರಶ್ನೆ: "ಹಳೆ ರೆಕಾರ್ಡಿಂಗನ್ನೇ ಬಳಸುತ್ತೀರೋ, ಇಲ್ಲ ನಿಮ್ಮಿಬ್ಬರನ್ನು ಪಾತ್ರ ಮಾಡಿ ಹೊಸದಾಗಿ ಕಥೆ ಬರೆಯುತ್ತೀರೋ?" ಇವೆರಡು ಬೇರೆ ಬೇರೆ ದಾರಿ. ಬಜೆಟ್ ಬೇರೆ, ಒಪ್ಪಂದ ಬೇರೆ, ತಂಡವೂ ಬೇರೆ. ಹಳೆ ರೆಕಾರ್ಡಿಂಗಿನ ದಾರಿಯಲ್ಲಿ ನಮಗಿಂತ ಮುಂಚೆ ನಡೆದವರು ಇದ್ದಾರೆ. 'ದಿ ರಿಕಿ ಜರ್ವೇಸ್ ಶೋ' 2005ರಲ್ಲಿ ಪಾಡ್‌ಕಾಸ್ಟ್ ಆಗಿತ್ತು. 2010ರಲ್ಲಿ ಎಚ್‌ಬಿಒ ಅದೇ ಮಾತುಗಳಿಗೆ ಕಾರ್ಟೂನ್ ಹೊಂದಿಸಿ ತೋರಿಸಿತು. ಮೂರು ಸೀಸನ್ ನಡೆಯಿತು. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ದಿ ಮಿಡ್‌ನೈಟ್ ಗಾಸ್ಪೆಲ್' ಇನ್ನೊಂದು ಥರ. ಮಾತು ಪಾಡ್‌ಕಾಸ್ಟಿನ ಸಂದರ್ಶನ, ಚಿತ್ರದಲ್ಲಿ ನಡೆಯುವುದು ಬೇರೇನೋ ಸಾಹಸ. ಪಾಡ್‌ಕಾಸ್ಟ್ ಅನ್ನುವುದು ಹುಟ್ಟುವುದಕ್ಕೂ ಮುಂಚೆ, 1989ರಲ್ಲೇ, ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೋದವರು ಸಾಮಾನ್ಯ ಜನರ ಮಾತನ್ನು ರೆಕಾರ್ಡ್ ಮಾಡಿ ಮೃಗಾಲಯದ ಪ್ರಾಣಿಗಳ ಬಾಯಿಗೆ ಹಾಕಿದ್ದರು. ಆ ಕಿರುಚಿತ್ರಕ್ಕೆ ಆಸ್ಕರ್ ಬಂತು.

ಇವನ್ನೆಲ್ಲ ನೋಡಿ ನಾವು ಆರಿಸಿಕೊಂಡದ್ದು ಮಧ್ಯದ ದಾರಿ. ಹರಟೆ ಹಳೆಯದೇ ಇರಲಿ, ಕೊಂಡಿ ಬೇಕಾದ ಕಡೆ ನಾಲ್ಕು ಸಾಲು ಹೊಸದಾಗಿ ರೆಕಾರ್ಡ್ ಮಾಡೋಣ ಅಂತ. ಈ ತೀರ್ಮಾನವನ್ನು ಮೊದಲೇ ಮಾಡಿಕೊಳ್ಳಿ. ನಡುವೆ ಬದಲಿಸಿದರೆ ಒಪ್ಪಂದವನ್ನೇ ಮತ್ತೆ ಬರೆಯಬೇಕಾಗುತ್ತದೆ.

ಆಮೇಲೆ ಶುರುವಾಯಿತು ಕಾಗದದ ಕಾಟ.

ವಕೀಲರು ಕೇಳಿದ್ದು 'ಚೈನ್ ಆಫ್ ಟೈಟಲ್'. ಅಂದರೆ ಈ ಪಾಡ್‌ಕಾಸ್ಟಿನಲ್ಲಿರುವ ಪ್ರತಿಯೊಂದೂ ಯಾರದ್ದು, ಯಾರಿಂದ ಯಾರಿಗೆ ಬಂತು ಅಂತ ತೋರಿಸುವ ದಾಖಲೆಗಳು. ಎಲ್ಲೂ ಕೊಂಡಿ ತಪ್ಪಬಾರದು. ಇದಿಲ್ಲದಿದ್ದರೆ ವಿಮೆ ಸಿಗುವುದಿಲ್ಲ. ವಿಮೆ ಇಲ್ಲದಿದ್ದರೆ ಚಾನೆಲ್ ಮುಟ್ಟುವುದಿಲ್ಲ. 'ಎರರ್ಸ್ ಅಂಡ್ ಒಮಿಷನ್ಸ್' ಅನ್ನುತ್ತಾರೆ ಆ ವಿಮೆಗೆ. ಯಾರಾದರೂ "ಇದು ನನ್ನದು" ಅಂತಲೋ "ನನ್ನ ಮಾನ ಹೋಯಿತು" ಅಂತಲೋ ಕೋರ್ಟಿಗೆ ಹೋದರೆ ಖರ್ಚು ಭರಿಸುವುದಕ್ಕೆ.

ಮೊದಲ ತೊಡಕು ನಮ್ಮಿಬ್ಬರ ಮಧ್ಯೆಯೇ ಇತ್ತು. ಪಾಡ್‌ಕಾಸ್ಟಿನ ಹೆಸರು ಯಾರದ್ದು? ಯಾರ ಪಾಲು ಎಷ್ಟು? ಒಬ್ಬ ಬಿಟ್ಟು ಹೋದರೆ ಇನ್ನೊಬ್ಬ ಮುಂದುವರಿಸಬಹುದಾ? ಗೆಳೆತನದಲ್ಲಿ ಇದನ್ನೆಲ್ಲ ಯಾರು ಬರೆದಿಡುತ್ತಾರೆ ಹೇಳಿ. ಕರಡು ಪತ್ರ ಮುಂದಿಟ್ಟಾಗ ಅವನು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಏನೋ ಇದು, ನಮ್ಮಿಬ್ಬರ ಮಧ್ಯೆ ಕಾಗದ ಯಾಕೋ?" ಅಂದ. ಬೇಜಾರಾಗಿತ್ತು ಅವನಿಗೆ. ನನಗೂ ಆಯಿತು. ಅವನು ಸಹಿ ಹಾಕಲು ಕೆಲವು ವಾರ ತೆಗೆದುಕೊಂಡ. ಆ ವಾರಗಳ ರೆಕಾರ್ಡಿಂಗಿನಲ್ಲಿ ನಮ್ಮಿಬ್ಬರ ನಗು ಸ್ವಲ್ಪ ಒಣಗಿದೆ, ಈಗ ಕೇಳಿದರೂ ಗೊತ್ತಾಗುತ್ತದೆ. ಇಬ್ಬರೂ ತಮ್ಮ ತಮ್ಮ ಕಡೆಯಿಂದ ಬೇರೆ ಬೇರೆ ವಕೀಲರಿಗೆ ತೋರಿಸಿ ಸಹಿ ಮಾಡಿದೆವು. ಅದು ಖರ್ಚಿನ ವಿಚಾರ ಹೌದು. ಆದರೆ ಆಮೇಲೆ ಮನಸ್ಸಿನಲ್ಲಿ ಏನೂ ಉಳಿಯಲಿಲ್ಲ.

ಅತಿಥಿಗಳದ್ದು ಬೇರೆಯೇ ಕಥೆ. ಪಾಡ್‌ಕಾಸ್ಟಿಗೆ ಬಂದು ಮಾತಾಡಲು ಒಪ್ಪಿದವರು ಟಿವಿಗೂ ಒಪ್ಪಿದ ಹಾಗಲ್ಲ. ಧ್ವನಿ ಬಳಸಲು, ಕತ್ತರಿಸಲು, ಅದಕ್ಕೊಂದು ಮುಖ ಬರೆಯಲು, ಬೇರೆ ಭಾಷೆಗೆ ಡಬ್ ಮಾಡಲು ಪ್ರತ್ಯೇಕವಾಗಿ ಒಪ್ಪಿಗೆ ಬೇಕು. ಕೆಲವರು ಅವತ್ತೇ ಕಳಿಸಿದರು. ಒಬ್ಬರು "ನನ್ನನ್ನು ದಪ್ಪ ಬರೆಯಬಾರದು" ಅಂತ ಷರತ್ತು ಹಾಕಿದರು. ಅದು ಒಪ್ಪಂದದಲ್ಲಿ ನಿಜಕ್ಕೂ ಸೇರಿತು. ಇನ್ನೊಬ್ಬರು ಉತ್ತರವನ್ನೇ ಕೊಡಲಿಲ್ಲ. ಫೋನ್ ಇಲ್ಲ, ಮೇಲ್ ಇಲ್ಲ. ಅವರು ಬಂದಿದ್ದ ಕಂತು ನಮ್ಮ ಕೇಳುಗರಿಗೆ ತುಂಬಾ ಇಷ್ಟವಾದದ್ದು. ಅದನ್ನು ಬಿಟ್ಟೆವು. ಬೇರೆ ದಾರಿ ಇರಲಿಲ್ಲ.

ಸಂಗೀತದಲ್ಲಿ ಎರಡು ಪೆಟ್ಟು ಬಿತ್ತು. ಶೀರ್ಷಿಕೆ ಸಂಗೀತವನ್ನು ದುಡ್ಡು ಕೊಟ್ಟೇ ತೆಗೆದುಕೊಂಡಿದ್ದೆವು. ಆದರೆ ಲೈಸೆನ್ಸ್ ತೆರೆದು ನೋಡಿದರೆ ಅದು ಆನ್‌ಲೈನ್ ಆಡಿಯೋಗೆ ಮಾತ್ರ, ಟಿವಿ ಪ್ರಸಾರಕ್ಕೆ ಅಲ್ಲ. ಹೊಸ ಸಂಗೀತ ಮಾಡಿಸಬೇಕಾಯಿತು. ಎರಡನೆಯದು ಇನ್ನೂ ಹೊಟ್ಟೆ ಉರಿಸಿದ್ದು. ಒಂದು ಕಂತಿನಲ್ಲಿ ಗೆಳೆಯ ಮಾತಿನ ಮಧ್ಯೆ ಒಂದು ಸಿನಿಮಾ ಹಾಡನ್ನು ಬೇಸುರಾಗಿ ಗುನುಗುತ್ತಾನೆ, ನಾನು ನಕ್ಕು ನಕ್ಕು ಕೆಮ್ಮುತ್ತೇನೆ. ಗುನುಗಿದರೂ ಅದು ಹಾಡೇ. ರೆಕಾರ್ಡಿಂಗಿನ ಹಕ್ಕು ಬೇರೆ, ರಾಗ ಮತ್ತು ಸಾಹಿತ್ಯದ ಹಕ್ಕು ಬೇರೆ. ಎರಡನೆಯದಕ್ಕೆ ಅನುಮತಿ ಬೇಕೇ ಬೇಕು. ಕೇಳಿದ ಮೊತ್ತ ಇಡೀ ಕಂತಿನ ಸಂಗೀತದ ಬಜೆಟ್ಟಿಗಿಂತ ಜಾಸ್ತಿ. ಕತ್ತರಿ ಬಿತ್ತು.

ಇನ್ನೊಂದು ವಿಚಾರ ನಮ್ಮ ಯೋಚನೆಗೇ ಬಂದಿರಲಿಲ್ಲ. ಹಳೆ ಆಫೀಸಿನ ಮ್ಯಾನೇಜರ್ ಒಬ್ಬರ ಬಗ್ಗೆ ನಾವು ಆಗಾಗ ಆಡಿಕೊಳ್ಳುತ್ತೇವೆ. ಹೆಸರು ಹೇಳಿದ್ದೇ ಇಲ್ಲ. ಆಡಿಯೋದಲ್ಲಿ ಅವರು ಯಾರೂ ಅಲ್ಲ, ಬರೀ 'ಮ್ಯಾನೇಜರ್'. ಆದರೆ ಚಿತ್ರದಲ್ಲಿ ಅವರಿಗೊಂದು ಮುಖ ಬೇಕಲ್ಲ! ಬೋಳುತಲೆ, ಮೀಸೆ, ಕುತ್ತಿಗೆಗೆ ತೂಗುವ ಕನ್ನಡಕ ಬರೆದ ತಕ್ಷಣ ಅವರು ಯಾರೋ ಒಬ್ಬರಾಗಿಬಿಡುತ್ತಾರೆ. ವಕೀಲರು ಸ್ಪಷ್ಟವಾಗಿ ಹೇಳಿದರು: "ನೀವು ಚಿತ್ರಕಾರರಿಗೆ ಅವರು ನೋಡಲು ಹೇಗಿದ್ದರು ಅಂತ ಒಂದು ಮಾತೂ ಹೇಳಬಾರದು." ಹಾಗೇ ಮಾಡಿದೆವು. ಕೊನೆಗೆ ಮ್ಯಾನೇಜರ್ ತೆಳ್ಳಗಿನ ಉದ್ದನೆಯ ಹೆಂಗಸಾದರು. ನಿಮ್ಮ ಪಾಡ್‌ಕಾಸ್ಟಿನಲ್ಲಿ ನೆಂಟರಿಷ್ಟರ, ನೆರೆಯವರ ಕಥೆ ಇದ್ದರೆ ಈ ಕಸರತ್ತು ನಿಮಗೂ ತಪ್ಪಿದ್ದಲ್ಲ.

ಇಷ್ಟಾಗುವಾಗ ಇನ್ನೊಂದು ಕಡೆ ಆಪ್ಷನ್ ಒಪ್ಪಂದದ ಮಾತು ನಡೆಯುತ್ತಿತ್ತು. ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಆಪ್ಷನ್ ಅಂದರೆ ಮಾರಾಟ ಅಲ್ಲ. ಒಂದು ಅವಧಿಯವರೆಗೆ, ಸಾಮಾನ್ಯವಾಗಿ ಒಂದು ವರ್ಷ ಅಥವಾ ಒಂದೂವರೆ ವರ್ಷ, ಈ ಪಾಡ್‌ಕಾಸ್ಟನ್ನು ಬೇರೆಯವರಿಗೆ ಕೊಡುವುದಿಲ್ಲ ಅಂತ ನಾವು ಮಾತು ಕೊಡುವುದು. ಅದಕ್ಕೆ ಸಣ್ಣ ಮೊತ್ತ ಸಿಗುತ್ತದೆ. ಅಷ್ಟರೊಳಗೆ ನಿರ್ಮಾಪಕರು ಚಾನೆಲ್ ಹುಡುಕಬೇಕು. ಸಿಕ್ಕರೆ ಪೂರ್ತಿ ಹಕ್ಕನ್ನು ಮೊದಲೇ ಗೊತ್ತು ಮಾಡಿದ ಬೆಲೆಗೆ ಕೊಳ್ಳುತ್ತಾರೆ. ಸಿಗದಿದ್ದರೆ ಹಕ್ಕು ನಮಗೇ ವಾಪಸ್. ಆಪ್ಷನ್ ದುಡ್ಡು ನಂಬಿ ಕೆಲಸ ಬಿಡಬೇಡಿ.

ನಾವು ಹಟ ಹಿಡಿದು ಉಳಿಸಿಕೊಂಡದ್ದು ಪಾಡ್‌ಕಾಸ್ಟ್ ಮುಂದುವರಿಸುವ ಹಕ್ಕು. ಮೊದಲ ಕರಡಿನಲ್ಲಿ 'ಎಲ್ಲ ಮಾಧ್ಯಮಗಳಲ್ಲೂ' ಅಂತ ಇತ್ತು. ಹಾಗೇ ಸಹಿ ಮಾಡಿದ್ದರೆ ನಮ್ಮ ಹರಟೆಯನ್ನೇ ನಾವು ಕೇಳಿ ಪಡೆಯಬೇಕಾಗಿತ್ತು. ಪಾಡ್‌ಕಾಸ್ಟ್, ವೇದಿಕೆ ಕಾರ್ಯಕ್ರಮ, ಆಡಿಯೋ ಪುಸ್ತಕ ನಮ್ಮಲ್ಲೇ ಇರುತ್ತವೆ ಅಂತ ಬರೆಸಿದೆವು. ಪಾತ್ರಗಳ ಚಿತ್ರ ಇರುವ ಟೀ ಶರ್ಟು, ಗೊಂಬೆಗಳ ವಿಷಯದಲ್ಲಿ ಅವರು ಸೋಲಲಿಲ್ಲ. ಅಲ್ಲಿ ಪಾಲು ಮಾತ್ರ ಸಿಕ್ಕಿತು.

ಚಾನೆಲ್‌ಗಳಿಗೆ ತೋರಿಸುವ ಕಾಲ ಇದೆಯಲ್ಲ, ಅದು ಬರೀ ಕಾಯುವ ಕಾಲ. ಒಂದು ಬೈಬಲ್ ತಯಾರಾಗುತ್ತದೆ. ಪಾತ್ರಗಳು ಯಾರು, ಲೋಕ ಎಂಥದ್ದು, ಕಂತುಗಳಲ್ಲಿ ಏನೇನು ನಡೆಯುತ್ತದೆ ಅಂತ ವಿವರಿಸುವ ದಾಖಲೆಗೆ ಈ ಹೆಸರು. ಜೊತೆಗೆ ಒಂದೆರಡು ನಿಮಿಷದ ಟೆಸ್ಟ್ ಕ್ಲಿಪ್. ಕಳಿಸಿದ ಮೇಲೆ ಮೌನ. ಒಂದು ಕಡೆ ತುಂಬಾ ಹೊಗಳಿದರು, ಆಮೇಲೆ ಆ ಅಧಿಕಾರಿ ಕೆಲಸ ಬಿಟ್ಟರು, ಅವರ ಜಾಗಕ್ಕೆ ಬಂದವರಿಗೆ ನಾವು ಯಾರಂತಲೂ ಗೊತ್ತಿರಲಿಲ್ಲ. ಇನ್ನೊಂದು ಕಡೆ "ಕಾರ್ಟೂನ್ ಅಂದರೆ ಮಕ್ಕಳದ್ದಲ್ವಾ?" ಅಂತ ಕೇಳಿದರು. ಆಪ್ಷನ್ ಅವಧಿ ಮುಗಿಯುವ ಹೊತ್ತಿಗೆ, ಇನ್ನು ಆಗಲ್ಲ ಬಿಡು ಅಂತ ಗೆಳೆಯ ಹೇಳುವಾಗ, ಒಂದು ಚಾನೆಲ್‌ನವರು ಹೂಂ ಅಂದರು. ಖುಷಿಗಿಂತ ಜಾಸ್ತಿ ಗಾಬರಿಯಾಯಿತು. ಈಗ ಮಾಡಬೇಕಲ್ಲ!

ಕಂತಿಗೆ 11 ನಿಮಿಷ ಅಂತ ಗೊತ್ತಾಯಿತು. ಟಿವಿ ಕಾರ್ಟೂನ್‌ಗಳಲ್ಲಿ 11 ಮತ್ತು 22 ನಿಮಿಷದ ಅಳತೆಗಳು ಬಳಕೆಯಲ್ಲಿವೆ, ಜಾಹೀರಾತಿನ ಜೊತೆ ಕಾಲು ಗಂಟೆ, ಅರ್ಧ ಗಂಟೆ ತುಂಬುತ್ತದೆ ಅಂತ. ನಮ್ಮ ಒಂದು ಹರಟೆ ಒಂದು ಗಂಟೆಗಿಂತ ಕಡಿಮೆ ಇದ್ದದ್ದೇ ಇಲ್ಲ. ಎಲ್ಲ ಕಂತುಗಳನ್ನು ಬರಹಕ್ಕೆ ಇಳಿಸಿ, ಮುದ್ರಿಸಿ, ನೆಲದ ಮೇಲೆ ಹರಡಿ, ಕತ್ತರಿ ಅಂಟು ಹಿಡಿದು ಕೂತೆವು. ಕಾಗದದ ಮೇಲೆ ನಗು ಬರಿಸಿದ ಸಾಲುಗಳು ಕಿವಿಯಲ್ಲಿ ನಗು ಬರಿಸಲಿಲ್ಲ. ಕಾಗದದಲ್ಲಿ ಏನೂ ಅಲ್ಲದ "ಅಯ್ಯೋ, ಇರು ಇರು" ಕಿವಿಯಲ್ಲಿ ಹೊಟ್ಟೆ ಹುಣ್ಣಾಗಿಸಿತು. ಹಾಗಾಗಿ ಕಾಗದದಲ್ಲಿ ಆರಿಸಿದ್ದನ್ನು ಅವತ್ತೇ ಆಡಿಯೋದಲ್ಲಿ ಜೋಡಿಸಿ ಕೇಳುವುದು ರೂಢಿಯಾಯಿತು. ಹೀಗೆ ಚಿತ್ರವೇ ಇಲ್ಲದೆ ಪೂರ್ತಿ ಕಂತು ಕಿವಿಗೆ ನಿಲ್ಲುವ ಹಾಗೆ ಮಾಡುವುದಕ್ಕೆ ರೇಡಿಯೋ ಎಡಿಟ್ ಅನ್ನುತ್ತಾರೆ. ಇದು ಗಟ್ಟಿಯಾಗುವವರೆಗೆ ಯಾರಿಗೂ ಒಂದು ಗೆರೆಯನ್ನೂ ಎಳೆಯಲು ಬಿಡಬೇಡಿ.

ಧ್ವನಿ ತಂತ್ರಜ್ಞರ ಕೋಣೆಯಲ್ಲಿ ನಾವು ಅತಿ ಹೆಚ್ಚು ಬೆವರಿದ್ದು. ಮೊದಲ ವರ್ಷದ ಕಂತುಗಳದ್ದು ಎಂಪಿ3 ಮಿಕ್ಸ್ ಮಾತ್ರ ಉಳಿದಿತ್ತು. ಎಂಪಿ3 ಅಂದರೆ ಫೈಲ್ ಚಿಕ್ಕದಾಗಲಿ ಅಂತ ಧ್ವನಿಯ ಒಂದಷ್ಟು ಭಾಗವನ್ನು ಬಿಸಾಡಿದ್ದು. ಮತ್ತೆ ಸಿಗುವುದಿಲ್ಲ. ಜೊತೆಗೆ ಇಬ್ಬರ ಧ್ವನಿಯೂ ಒಂದರಲ್ಲೇ ಬೆರೆತಿದೆ. ನಾನು ಮಾತಾಡುವಾಗ ಅವನು ಕುರ್ಚಿ ಕಿರುಗುಟ್ಟಿಸಿದರೆ ಅದನ್ನು ತೆಗೆಯಲು ಹೋದರೆ ನನ್ನ ಮಾತೂ ಹೋಗುತ್ತದೆ. ಆಮೇಲಿನ ಕಂತುಗಳಲ್ಲಿ ಮೈಕು ಬೇರೆ ಬೇರೆ ಇತ್ತು, ಆದರೂ ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿದ್ದರಿಂದ ಅವನ ನಗು ನನ್ನ ಮೈಕಿಗೂ ಸೋರಿತ್ತು.

"ಈ ಸಾಲನ್ನು ಮತ್ತೆ ಹೇಳಿಬಿಡಿ, ಸುಲಭ" ಅಂದರು ತಂತ್ರಜ್ಞರು. ಹೇಳಿದೆ. ಮಾತು ಅದೇ. ಏರಿಳಿತವೂ ಅದೇ ಅಂದುಕೊಂಡೆ. ಅವರು ಎರಡನ್ನೂ ಅಕ್ಕಪಕ್ಕ ಕೇಳಿಸಿದರು. ಹಳೆಯದರಲ್ಲಿ 'ಲಿಫ್ಟು' ಅನ್ನುವ ಮುಂಚೆ ನಾನು ನಗು ತಡೆಯಲು ಮೂಗಿನಲ್ಲಿ ಒಂದು ಸಣ್ಣ ಉಸಿರು ಬಿಟ್ಟಿದ್ದೆ. ಆ ಉಸಿರಿಗೇ ಎದುರಿಗಿದ್ದವನು ನಗಲು ಶುರು ಮಾಡಿದ್ದ. ಹೊಸದರಲ್ಲಿ ಉಸಿರಿಲ್ಲ, ಸಾಲು ಸತ್ತಿದೆ. ಎಷ್ಟು ಸಲ ಪ್ರಯತ್ನಿಸಿದರೂ ಆ ಉಸಿರು ನಟನೆಯಲ್ಲಿ ಬರಲಿಲ್ಲ. ಕೊನೆಗೆ ಗೊರಗೊರ ಸದ್ದಿದ್ದರೂ ಪರವಾಗಿಲ್ಲ, ಹಳೆಯದೇ ಇರಲಿ ಅಂತಾಯಿತು. ಆ ಸದ್ದನ್ನು ಮುಚ್ಚಲು ಚಿತ್ರದಲ್ಲಿ ಹಿನ್ನೆಲೆಗೆ ಒಂದು ಹಳೆ ಫ್ಯಾನ್ ತಿರುಗಿಸಿದರು. ಸದ್ದಿಗೊಂದು ಕಾರಣ ಕಣ್ಣಿಗೆ ಕಂಡರೆ ಯಾರೂ ತಕರಾರು ಮಾಡುವುದಿಲ್ಲ. ಈ ಉಪಾಯ ನಮಗೆ ಎಷ್ಟೋ ಕಡೆ ಕೈ ಹಿಡಿಯಿತು.

ಇನ್ನೊಂದು ತಾಂತ್ರಿಕ ತಲೆನೋವು ಧ್ವನಿಯ ಮಟ್ಟ. ಪಾಡ್‌ಕಾಸ್ಟ್‌ಗಳನ್ನು ಸಾಮಾನ್ಯವಾಗಿ ಮೈನಸ್ 16 ಎಲ್‌ಯುಎಫ್‌ಎಸ್ ಆಸುಪಾಸಿಗೆ ತರುತ್ತಾರೆ. ಧ್ವನಿ ಒಟ್ಟಾರೆ ಎಷ್ಟು ಜೋರಾಗಿ ಕೇಳುತ್ತದೆ ಅಂತ ಅಳೆಯುವ ಮಾನ ಅದು. ಟಿವಿಗೆ ಯುರೋಪಿನ ಮಾನದಂಡದಲ್ಲಿ ಮೈನಸ್ 23, ಅಮೆರಿಕದ್ದರಲ್ಲಿ ಮೈನಸ್ 24. ಅಂದರೆ ನಮ್ಮ ಧ್ವನಿಯನ್ನು ಒಟ್ಟಾರೆ ಏಳೆಂಟು ಡೆಸಿಬೆಲ್ ಇಳಿಸಬೇಕು. ಇಳಿಸಿದಾಗ ನಾವು ಗೊಣಗುವ ಮಾತುಗಳು ಕೇಳದಾದವು. ಇಯರ್‌ಫೋನಿನಲ್ಲಿ ಕಿವಿಯೊಳಗೇ ಹೇಳಿದ ಹಾಗಿದ್ದ ಗೊಣಗಾಟ ಹಾಲಿನ ಆ ಮೂಲೆಯ ಟಿವಿಯಿಂದ ಬಂದರೆ ಏನೂ ಗೊತ್ತಾಗುವುದಿಲ್ಲ. ನಮ್ಮ ಅರ್ಧ ತಮಾಷೆ ಇರುವುದೇ ಗೊಣಗಾಟದಲ್ಲಿ. ಒಂದೊಂದನ್ನೂ ಕೈಯಿಂದ ಎತ್ತಬೇಕಾಯಿತು.

ಆಮೇಲೆ ಮೌನ. ನಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಮಾತಿನ ನಡುವಿನ ಖಾಲಿ ಜಾಗವನ್ನು ತಾನೇ ಕತ್ತರಿಸುತ್ತಿತ್ತು. ಕೇಳುಗರಿಗೆ ಬೋರ್ ಆಗದಿರಲಿ ಅಂತ ಎಲ್ಲರೂ ಮಾಡುವ ಕೆಲಸ. ಅನಿಮೇಷನ್ ನಿರ್ದೇಶಕಿ ಕೇಳಿದ ಕೂಡಲೇ ಹೇಳಿದ್ದು: "ಇದರಲ್ಲಿ ಯಾರೂ ಯೋಚನೆ ಮಾಡುತ್ತಲೇ ಇಲ್ಲವಲ್ಲ." ಪಾತ್ರ ಮಾತು ಕೇಳಿ, ಅರ್ಥ ಮಾಡಿಕೊಂಡು, ಕಣ್ಣು ಮಿಟುಕಿಸಿ ಉತ್ತರಿಸಲು ಅರ್ಧ ಸೆಕೆಂಡಾದರೂ ಬೇಕು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಹನ್ನೆರಡು ಫ್ರೇಮ್. ಹಾಗಾಗಿ ನಾವು ಕತ್ತರಿಸಿದ್ದ ಮೌನವನ್ನೆಲ್ಲ ವಾಪಸ್ ಹಾಕಿದೆವು. ಖಾಲಿ ಬಿಟ್ಟರೆ ಧ್ವನಿ ಸತ್ತಂತೆ ಕೇಳುತ್ತದೆ, ಆದ್ದರಿಂದ ಅದೇ ಕೋಣೆಯ ನಿಶ್ಶಬ್ದವನ್ನು ರೆಕಾರ್ಡ್ ಮಾಡಿ ತುಂಬಿದೆವು. ಇಡೀ ಮಧ್ಯಾಹ್ನ ಮೂವರು ದೊಡ್ಡವರು ಉಸಿರು ಬಿಗಿಹಿಡಿದು ಏನೂ ಮಾತಾಡದೆ ಕೂತದ್ದು ಈ ಯೋಜನೆಯ ಅತ್ಯಂತ ಹಾಸ್ಯಾಸ್ಪದ ಕ್ಷಣ. ಅದಕ್ಕೂ ಬಾಡಿಗೆ ಕಟ್ಟಿದ್ದೇವೆ.

ಅಂತೂ ಸ್ಟೋರಿಬೋರ್ಡಿಗೆ, ಅಂದರೆ ದೃಶ್ಯಗಳನ್ನು ಒಂದೊಂದಾಗಿ ಚಿತ್ರ ಬರೆದು ಜೋಡಿಸುವ ಹಂತಕ್ಕೆ, ಬಂದೆವು. ಬೋರ್ಡಿನ ಚಿತ್ರಗಳನ್ನು ಧ್ವನಿಯ ಮೇಲೆ ಸರಿಯಾದ ಹೊತ್ತಿಗೆ ಕೂರಿಸಿದರೆ ಅನಿಮ್ಯಾಟಿಕ್ ಆಗುತ್ತದೆ. ಪೆನ್ಸಿಲ್ ಗೆರೆಗಳ ಒರಟು ಸಿನಿಮಾ. ಲಿಫ್ಟಿನ ಕಥೆಯದ್ದೇ ಮೊದಲ ಅನಿಮ್ಯಾಟಿಕ್. ಪಾಡ್‌ಕಾಸ್ಟಿನಲ್ಲಿ ಈ ಕಥೆಗೆ ಜನ ಬಿದ್ದು ಬಿದ್ದು ನಕ್ಕಿದ್ದರು. ಗೆಳೆಯ ಲಿಫ್ಟಿನಲ್ಲಿ ಒಬ್ಬನೇ ಸಿಕ್ಕಿಹಾಕಿಕೊಂಡಿದ್ದಾನೆ, ಭಯಕ್ಕೆ ಜೋರಾಗಿ ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದಾನೆ, ಅಳುತ್ತಿದ್ದಾನೆ, ದೇವರಿಗೆ ಹರಕೆ ಹೊರುತ್ತಿದ್ದಾನೆ. ಎಲ್ಲ ಆದ ಮೇಲೆ ಹಿಂದಿನಿಂದ ಯಾರೋ "ಸ್ವಲ್ಪ ಆ ಕಡೆ ಸರೀತೀರಾ?" ಅನ್ನುತ್ತಾರೆ. ಲಿಫ್ಟಿನಲ್ಲಿ ಇನ್ನೊಬ್ಬರು ಇದ್ದರು.

ಅನಿಮ್ಯಾಟಿಕ್ ನೋಡಿದಾಗ ಕೋಣೆಯಲ್ಲಿ ಯಾರೂ ನಗಲಿಲ್ಲ. ಕಾರಣ ಎದುರಿಗೇ ಇತ್ತು. ಲಿಫ್ಟಿನೊಳಗೆ ತೋರಿಸಿದ ಮೊದಲ ಚಿತ್ರದಲ್ಲೇ ಹಿಂದೆ ಒಬ್ಬರು ನಿಂತಿದ್ದಾರೆ! ಕಿವಿಗೆ ಗೊತ್ತಿಲ್ಲದ್ದು ಕಣ್ಣಿಗೆ ಮೊದಲೇ ಗೊತ್ತಾಯಿತು. ಬರೀ ಅವನ ಮುಖ ತೋರಿಸೋಣ ಅಂತ ಬದಲಿಸಿದರು. ಆಗಲೂ ಸರಿ ಬರಲಿಲ್ಲ. ಅಷ್ಟು ಹೊತ್ತು ಮುಖವನ್ನೇ ತೋರಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ನೋಡುವವರಿಗೆ ಅನುಮಾನ ಬರುತ್ತದೆ. ನಿರ್ದೇಶಕಿ ಒಂದು ದಿನ ಯೋಚಿಸಿ ಇಡೀ ದೃಶ್ಯವನ್ನು ಲಿಫ್ಟಿನ ಹೊರಗೆ ಇಟ್ಟರು. ಮುಚ್ಚಿದ ಬಾಗಿಲು, ಮೇಲೆ ನಿಂತುಹೋದ ನಂಬರು, ಒಳಗಿನಿಂದ ಧ್ವನಿ, ಹೊರಗೆ ಕಾಯುತ್ತಾ ನಿಂತ ಸೆಕ್ಯುರಿಟಿಯವರ ಮುಖದಲ್ಲಿ ಮಾತ್ರ ಭಾವನೆ. ಆ ಇನ್ನೊಂದು ಧ್ವನಿ ಕೇಳಿದಾಗ ಸೆಕ್ಯುರಿಟಿಯವರ ಹುಬ್ಬು ಮೇಲೇರುತ್ತದೆ, ಅಷ್ಟೇ. ಹೀಗೆ ಮಾಡಿದ್ದರಿಂದ ಚಿತ್ರಗಳೂ ಕಡಿಮೆಯಾದವು, ಖರ್ಚೂ ಉಳಿಯಿತು, ನಗುವೂ ಬಂತು. ಆಮೇಲೆ ಪ್ರತಿ ಕಂತಿಗೂ ನಾವು ಮೊದಲು ಕೇಳಿಕೊಂಡದ್ದು, ಇಲ್ಲಿ ಏನನ್ನು ತೋರಿಸಬಾರದು ಅಂತ.

ಅನಿಮ್ಯಾಟಿಕ್ ಒಪ್ಪಿಗೆಯಾದ ಮೇಲೆ ಬೀಗ ಬೀಳುತ್ತದೆ. ಅಲ್ಲಿಂದ ಮುಂದೆ ಬದಲಾವಣೆಗೆ ದುಡ್ಡು. ಪಾಡ್‌ಕಾಸ್ಟ್ ಮಾಡುವವರಿಗೆ ಇದು ಅಭ್ಯಾಸವಿಲ್ಲ. ನಾವು ಪ್ರಕಟಿಸುವ ಹಿಂದಿನ ರಾತ್ರಿಯೂ ಕತ್ತರಿಸಿ ಸೇರಿಸುವ ಜನ. ಇಲ್ಲಿ ಒಂದು ಸಾಲು ಎರಡು ಸೆಕೆಂಡು ಮುಂದೆ ಹೋದರೆ ಅದರ ಹಿಂದೆ ಎಲ್ಲ ಬಾಯಿ, ಕೈ, ಕಣ್ಣು ಮುಂದೆ ಹೋಗಬೇಕು. ಒಪ್ಪಂದದಲ್ಲಿ ಎಷ್ಟು ಸುತ್ತು ರೀಟೇಕ್ ಉಚಿತ ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ಸ್ಟುಡಿಯೋದವರ ತಪ್ಪಿನಿಂದಾದ ತಿದ್ದುಪಡಿ, ನಮ್ಮ ಮನಸ್ಸು ಬದಲಾದ ತಿದ್ದುಪಡಿ, ಎರಡನ್ನೂ ಬೇರೆ ಬೇರೆ ಎಣಿಸಬೇಕು. ನಾವು ಕೆಲಸ ಮಾಡಿಸಿದ ಸ್ಟುಡಿಯೋ ಒಂದರ ಜೊತೆ ಇದಕ್ಕೇ ಜಗಳವಾಗಿ ಒಂದು ಕಂತು ತಿಂಗಳುಗಟ್ಟಲೆ ನಿಂತಿತ್ತು.

ಪಾತ್ರಗಳನ್ನು ತುಂಡು ತುಂಡಾಗಿ ಮಾಡಿ ಕೀಲು ಕೂರಿಸಿ ಅಲುಗಾಡಿಸುವ ಕಟೌಟ್ ವಿಧಾನ ನಮ್ಮದು. ಪ್ರತಿ ಫ್ರೇಮನ್ನೂ ಹೊಸದಾಗಿ ಬರೆಸುವ ಶಕ್ತಿ ನಮ್ಮ ಬಜೆಟ್ಟಿಗೆ ಇರಲಿಲ್ಲ. ಕಡಿಮೆ ಚಿತ್ರದಲ್ಲಿ ಮಾತಿನ ಹಾಸ್ಯವನ್ನು ನಿಲ್ಲಿಸುವ ಕಲೆ ಹಳೆಯದು. 1995ರಲ್ಲಿ ಅಮೆರಿಕದಲ್ಲಿ ಶುರುವಾದ 'ಡಾ. ಕ್ಯಾಟ್ಜ್' ಸರಣಿಯಲ್ಲಿ ಪಾತ್ರಗಳು ಹೆಚ್ಚು ಕಡಿಮೆ ಸುಮ್ಮನೆ ಕೂತಿರುತ್ತವೆ, ಗೆರೆಗಳು ಮಾತ್ರ ನಡುಗುತ್ತಿರುತ್ತವೆ. ಅಷ್ಟಕ್ಕೇ ಚಿತ್ರ ಜೀವಂತ ಅನ್ನಿಸುತ್ತದೆ. ನಾವು ನಡುಗಿಸಲಿಲ್ಲ, ಆದರೆ ಧೈರ್ಯ ಬಂತು.

ಬಾಯಿ ಹೊಂದಿಸಲು ರುಬಾರ್ಬ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿದರು. ಧ್ವನಿ ಕೊಟ್ಟರೆ ಯಾವ ಕ್ಷಣಕ್ಕೆ ಯಾವ ಬಾಯಿ ಅಂತ ಪಟ್ಟಿ ಕೊಡುತ್ತದೆ. ಆರು ಮುಖ್ಯ ಆಕಾರ, ಬೇಕಿದ್ದರೆ ಇನ್ನೂ ಮೂರು. ಇಂಗ್ಲಿಷ್ ಅಲ್ಲದ ಮಾತಿಗೆ ಅದರಲ್ಲಿ ಫೊನೆಟಿಕ್ ಅನ್ನುವ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಬೇಕು. ಒಬ್ಬರೇ ಮಾತಾಡುವಾಗ ಚೆನ್ನಾಗಿತ್ತು. ಇಬ್ಬರೂ ಒಟ್ಟಿಗೆ ಮಾತಾಡಿದ ಕಡೆ, ನಗುತ್ತಾ ಮಾತಾಡಿದ ಕಡೆ ಯಂತ್ರಕ್ಕೆ ತಲೆಕೆಟ್ಟಿತು. ನಮ್ಮಲ್ಲಿ ಇವೆರಡೇ ಜಾಸ್ತಿ. ಅದನ್ನೆಲ್ಲ ಕೈಯಲ್ಲಿ ಮಾಡಿದರು ಪಾಪ.

ಸುಮ್ಮನೆ ಕೇಳುತ್ತಾ ಕೂತವರದ್ದು ಇನ್ನೂ ಕಷ್ಟ. ಪಾಡ್‌ಕಾಸ್ಟಿನಲ್ಲಿ ಮಾತಾಡದೆ ಕೂತವರು ಇದ್ದೂ ಇಲ್ಲದ ಹಾಗೆ. ಟಿವಿಯಲ್ಲಿ ಅವರು ಅಲ್ಲೇ ಕೂತಿರುತ್ತಾರೆ, ಏನಾದರೂ ಮಾಡುತ್ತಿರಬೇಕು. ಅದಕ್ಕೆ ನಮ್ಮಿಬ್ಬರನ್ನೂ ಕೂರಿಸಿ, ಹಳೆ ಆಡಿಯೋ ಹಾಕಿ, ಕೇಳುವಾಗಿನ ಮುಖವನ್ನು ವಿಡಿಯೋ ಮಾಡಿದರು. ನಾನು ಅವನ ಮಾತು ಕೇಳುವಾಗ ಕಿವಿ ಹಿಡಿದು ಎಳೆಯುತ್ತೇನಂತೆ. ನನಗೇ ಗೊತ್ತಿರಲಿಲ್ಲ. ಈಗ ನನ್ನ ಪಾತ್ರ ಪ್ರತಿ ಕಂತಿನಲ್ಲೂ ಕಿವಿ ಎಳೆಯುತ್ತದೆ. ಮನೆಯವರು ಅದನ್ನೇ ಹೇಳಿ ರೇಗಿಸುತ್ತಾರೆ.

ದುಡ್ಡಿನ ಬಗ್ಗೆ ಎರಡು ಮಾತು. ಆಡಿಯೋದಲ್ಲಿ "ಸಾವಿರ ಆನೆ ಓಡಿ ಬಂದ ಹಾಗೆ" ಅನ್ನಲು ಕಾಸು ಬೇಡ. ಚಿತ್ರದಲ್ಲಿ ಪ್ರತಿ ಹೊಸ ಜಾಗ, ಪ್ರತಿ ಹೊಸ ಪಾತ್ರ, ಪ್ರತಿ ಗುಂಪು ಲೆಕ್ಕಕ್ಕೆ ಬರುತ್ತದೆ. ನಮ್ಮ ಹರಟೆ ಮೂರು ವಾಕ್ಯಕ್ಕೊಮ್ಮೆ ಊರು ಬದಲಿಸುತ್ತದೆ. ಹಾಗಾಗಿ ಮೊದಲೇ ಕೂತು, ಯಾವ ಜಾಗಗಳು ಮತ್ತೆ ಮತ್ತೆ ಬರುತ್ತವೆ ನೋಡಿ ಅವಕ್ಕೆ ಖರ್ಚು ಮಾಡಿದೆವು. ಆನೆಗಳಿಗೆ ಧೂಳು ಮಾತ್ರ ತೋರಿಸಿದೆವು. ಇನ್ನು ನಮಗೆ ಬರುವ ಹಣ ಹಂತ ಹಂತವಾಗಿ ಬರುತ್ತದೆ: ಸಹಿಗೆ ಸ್ವಲ್ಪ, ಅನಿಮ್ಯಾಟಿಕ್‌ಗೆ ಸ್ವಲ್ಪ, ದೊಡ್ಡ ಪಾಲು ಫೈಲ್ ಒಪ್ಪಿಗೆಯಾದ ಮೇಲೆ. ಒಪ್ಪಿಗೆ ಅನ್ನುವ ಪದದ ಜೊತೆ ಗಡುವು ಬರೆಸಿ. ಇಲ್ಲದಿದ್ದರೆ ಯಾರೋ ರಜೆಯಲ್ಲಿದ್ದಾರೆ ಅಂತ ನಿಮ್ಮ ದುಡ್ಡು ಅಲ್ಲೇ ಕೂತಿರುತ್ತದೆ. ವಕೀಲರ ಶುಲ್ಕ, ವಿಮೆ, ಹೊಸ ಸಂಗೀತ, ಇವು ಯಾವ ಹಂತಕ್ಕೂ ಕಾಯುವುದಿಲ್ಲ.

ಕೊನೆಯ ಅಡ್ಡಿ ಕ್ಯೂಸಿ, ಅಂದರೆ ಗುಣಮಟ್ಟದ ಪರೀಕ್ಷೆ. ಮುಗಿದ ಕಂತನ್ನು ಚಾನೆಲ್‌ನವರು ಯಂತ್ರದಲ್ಲೂ ಕಣ್ಣಿನಲ್ಲೂ ಪರೀಕ್ಷಿಸುತ್ತಾರೆ. ಟ್ಯೂಬ್‌ಲೈಟ್ ಮಿಣುಕಿ ಹತ್ತದೇ ಇರುವ ಒಂದು ದೃಶ್ಯ ನಮ್ಮಲ್ಲಿತ್ತು. ಫೇಲ್. ಅಪಸ್ಮಾರ ಇರುವ ಕೆಲವರಿಗೆ ವೇಗವಾಗಿ ಮಿಣುಕುವ ಬೆಳಕು ಅಪಾಯ, ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿಣುಕಬಾರದು ಅಂತ ನಿಯಮ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಪೋಕೆಮಾನ್ ಸರಣಿಯ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಮಿಣುಕಿ ಆರುನೂರಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದರು. ಹಾಗಾಗಿ ಯಾರೂ ವಾದ ಮಾಡಲಿಲ್ಲ. ಮಿಣುಕನ್ನು ನಿಧಾನ ಮಾಡಿದೆವು. ನಿಧಾನವಾದಾಗ ಟ್ಯೂಬ್‌ಲೈಟು ಇನ್ನೂ ಸೋಮಾರಿ ಅನ್ನಿಸಿ ಮೊದಲಿಗಿಂತ ಚೆನ್ನಾಯಿತು.

ಡಬ್ಬಿಂಗ್‌ಗೆ ಅಂತ ಮಾತಿಲ್ಲದ, ಬರೀ ಸಂಗೀತ ಮತ್ತು ಸದ್ದುಗಳ ಟ್ರ್ಯಾಕನ್ನೂ ಕೊಡಬೇಕು. ನಗು ಮಾತಿನ ಲೆಕ್ಕವೋ ಸದ್ದಿನ ಲೆಕ್ಕವೋ ಅಂತ ಚರ್ಚೆ ನಡೆದು, ಮಾತಿನ ಕಡೆಗೇ ಹೋಯಿತು. ಬೇರೆ ಭಾಷೆಯಲ್ಲಿ ಯಾರೋ ಇಬ್ಬರು ಸ್ಟುಡಿಯೋದಲ್ಲಿ ನಿಂತು ನಮ್ಮ ಹಾಗೆ ನಗಬೇಕು. ಅವರ ಬಗ್ಗೆ ಅಯ್ಯೋ ಅನ್ನಿಸುತ್ತದೆ.

ಹಳೆ ಕೇಳುಗರಲ್ಲಿ ಕೆಲವರಿಗೆ ಬೇಸರವಾಗಿದೆ. "ನಾನು ನಿಮ್ಮನ್ನು ಹೀಗೆ ಊಹಿಸಿಕೊಂಡಿರಲಿಲ್ಲ" ಅನ್ನುತ್ತಾರೆ. ಅದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. ಗೆಳೆಯ ತನ್ನ ಪಾತ್ರದ ಹೊಟ್ಟೆ ನೋಡಿ ಇನ್ನೂ ಮುನಿಸಿಕೊಂಡಿದ್ದಾನೆ. ದಪ್ಪ ಬರೆಯಬಾರದು ಅಂತ ಅವನೂ ಬರೆಸಿಕೊಳ್ಳಬಹುದಿತ್ತು, ಅಲ್ವಾ?

ಎರಡನೇ ಸೀಸನ್ ಬೇಕೋ ಬೇಡವೋ ಹೇಳಲು ಚಾನೆಲ್‌ಗೆ ಒಪ್ಪಂದದಲ್ಲಿ ಗಡುವಿದೆ. ಅಲ್ಲಿಯವರೆಗೆ ಈ ಪಾತ್ರಗಳನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ. ಪಾಡ್‌ಕಾಸ್ಟ್ ಎಂದಿನಂತೆ ನಡೆಯುತ್ತಿದೆ. ಈಗ ಒಬ್ಬೊಬ್ಬರಿಗೆ ಒಂದೊಂದು ಟ್ರ್ಯಾಕ್, ಫೈಲುಗಳು ಧ್ವನಿಯಲ್ಲಿ ಏನನ್ನೂ ಬಿಸಾಡದ 48 ಕಿಲೋಹರ್ಟ್ಸ್ ವೇವ್‌ನಲ್ಲೇ ಉಳಿಯುತ್ತವೆ, ಮೌನ ಕತ್ತರಿಸುವ ಆಯ್ಕೆ ಆಫ್. ಅತಿಥಿ ಕುರ್ಚಿಯಲ್ಲಿ ಕೂರುವ ಮುಂಚೆ ಧ್ವನಿ ಬಳಸಲು ಒಪ್ಪಿಗೆ ಕೊಡುವ ರಿಲೀಸ್ ಫಾರ್ಮಿಗೆ ಸಹಿ ಹಾಕಿಸುತ್ತೇವೆ. ಗೆಳೆಯ ಹಾಡು ಗುನುಗಲು ಬಾಯಿ ತೆರೆದರೆ ಮೇಜಿನ ಕೆಳಗಿನಿಂದ ಒದೆಯುತ್ತೇನೆ.